ನೂರ ಹತ್ತು, ಐವತ್ತೈದು, ಮೂವತ್ತು

2025ರ ಏಪ್ರಿಲ್ 22ರಂದು ಪಹಲ್ಗಾಮ್ ಬಳಿಯ ಬೈಸರನ್ ಹುಲ್ಲುಗಾವಲಿನಲ್ಲಿ ಉಗ್ರರು 26 ಜನರನ್ನು ಕೊಂದರು. ಶಿವಮೊಗ್ಗದಿಂದ, ಬೆಂಗಳೂರಿನಿಂದ ಪ್ರವಾಸಕ್ಕೆ ಹೋದವರೂ ಸತ್ತವರಲ್ಲಿದ್ದರು. ಮರುದಿನ ರಾತ್ರಿ ಭದ್ರತೆಗೆ ಸಂಬಂಧಿಸಿದ ಸಂಪುಟ ಸಮಿತಿ ದೆಹಲಿಯಲ್ಲಿ ಸಭೆ ಸೇರಿ ಐದು ನಿರ್ಧಾರಗಳನ್ನು ಪ್ರಕಟಿಸಿತು. ಸಿಂಧೂ ಜಲ ಒಪ್ಪಂದವನ್ನು ತಡೆಹಿಡಿಯುವುದು, ಅಟ್ಟಾರಿ ಗಡಿಯನ್ನು ಮುಚ್ಚುವುದು, ಸಾರ್ಕ್ ವೀಸಾಗಳನ್ನು ರದ್ದು ಮಾಡುವುದು, ಪಾಕಿಸ್ತಾನ ಹೈಕಮಿಷನ್ನಿನ ಸೇನಾ ಸಲಹೆಗಾರರನ್ನು ಹೊರಹಾಕಿ ಇಸ್ಲಾಮಾಬಾದಿನಲ್ಲಿರುವ ನಮ್ಮವರನ್ನು ಕರೆಸಿಕೊಳ್ಳುವುದು. ಐದನೆಯದನ್ನು ಹೆಚ್ಚಿನವರು ಗಮನಿಸಲಿಲ್ಲ: ಎರಡೂ ಹೈಕಮಿಷನ್‌ಗಳ ಸಿಬ್ಬಂದಿಯನ್ನು ಮೇ 1ರೊಳಗೆ 55ರಿಂದ 30ಕ್ಕೆ ಇಳಿಸುವುದು. ಮರುದಿನ ಪಾಕಿಸ್ತಾನವೂ ಅದೇ ಅಂಕಿಯನ್ನು ತಿರುಗಿಸಿ ಹೇಳಿತು.

ಆ ವಾರ ಟಿವಿ ಚರ್ಚೆಗಳಲ್ಲಿ ನದಿಯ ಮಾತು ನಡೆಯಿತು, ಯುದ್ಧದ ಮಾತು ನಡೆಯಿತು. 55, 30 ಎಂಬ ಅಂಕಿಗಳು ಸುದ್ದಿಯ ಬಾಲದಲ್ಲಿ ಉಳಿದವು. ಆದರೆ ಈ ಅಂಕಿಗಳಿಗೊಂದು ಚರಿತ್ರೆಯಿದೆ. 55 ಆಗುವ ಮೊದಲು ಅದು 110 ಆಗಿತ್ತು. 110ರಿಂದ 55ಕ್ಕೆ ಬಿದ್ದದ್ದು 2020ರ ಜೂನ್‌ನಲ್ಲಿ, ಅದೂ ಒಬ್ಬರ ಮೇಲೊಬ್ಬರು ಸೇಡು ತೀರಿಸಿಕೊಂಡ ಕೆಲವು ವಾರಗಳ ಕೊನೆಗೆ. ಹೀಗೆ ಇಳಿದ ಪ್ರತಿ ಅಂಕಿಯ ಹಿಂದೆ ಮುಚ್ಚಿದ ಒಂದು ಕಿಟಕಿ ಇದೆ, ಆ ಕಿಟಕಿಯ ಮುಂದೆ ಸಾಲು ನಿಂತವರಿದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ರಾಜತಾಂತ್ರಿಕತೆ ಎಂಬ ಪದವೇ ಗೊತ್ತಿರಲಿಕ್ಕಿಲ್ಲ.

ಮುಯ್ಯಿ

ಕನ್ನಡದಲ್ಲಿ ಮುಯ್ಯಿ ಎಂಬ ಪದಕ್ಕೆ ಎರಡು ಮುಖಗಳಿವೆ. ಮದುವೆ ಮನೆಯಲ್ಲಿ ಕೊಡುವ ಉಡುಗೊರೆ ಮುಯ್ಯಿ. ಯಾರು ಎಷ್ಟು ಕೊಟ್ಟರು ಎಂದು ಒಬ್ಬರು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಕೊಟ್ಟವರ ಮನೆಯಲ್ಲಿ ಕಾರ್ಯವಾದಾಗ ಅಷ್ಟನ್ನೇ, ಇಲ್ಲವೇ ಒಂದು ರೂಪಾಯಿ ಹೆಚ್ಚು ಹಿಂದಿರುಗಿಸಬೇಕು. ಸೇಡು ಎಂಬುದಕ್ಕೂ ಮುಯ್ಯಿ ಎಂದೇ ಹೆಸರು. ಮುಯ್ಯಿ ತೀರಿಸುವುದು ಎಂದಾಗ ಯಾವ ಅರ್ಥ ಎಂಬುದನ್ನು ಸಂದರ್ಭವೇ ಹೇಳಬೇಕು. ಎರಡರಲ್ಲೂ ಲೆಕ್ಕದ ಪುಸ್ತಕ ಒಂದೇ.

ರಾಯಭಾರದ ವ್ಯವಹಾರವೂ ಹೀಗೆಯೇ ಎರಡು ಮುಖದ್ದು. ನಿಮ್ಮ ರಾಯಭಾರಿಯನ್ನು ನಾವು ಗೌರವದಿಂದ ನೋಡಿಕೊಳ್ಳುತ್ತೇವೆ, ನಮ್ಮವರನ್ನು ನೀವು ಹಾಗೆಯೇ ನೋಡಿಕೊಳ್ಳಿ ಎಂಬುದು ಅದರ ತಳಹದಿ. ದೂತನನ್ನು ಕೊಲ್ಲಬಾರದು, ಕಟ್ಟಬಾರದು ಎಂಬುದು ಹಳೆಯ ನೀತಿ. ಕೃಷ್ಣ ಸಂಧಾನದ ಆಟ ನೋಡಿದವರಿಗೆಲ್ಲ ಇದು ಗೊತ್ತು. ಸಂಧಾನಕ್ಕೆ ಬಂದವನನ್ನು ಕಟ್ಟಿಹಾಕಲು ಹೊರಟ ಕ್ಷಣದಲ್ಲಿಯೇ ಕೌರವ ಯುದ್ಧವನ್ನು ಆರಿಸಿಕೊಂಡಾಗಿತ್ತು.

1961ರ ಏಪ್ರಿಲ್‌ನಲ್ಲಿ ವಿಯೆನ್ನಾದಲ್ಲಿ ಸಹಿಯಾದ ಒಪ್ಪಂದ ಈ ಹಳೆಯ ನೀತಿಯನ್ನು ಬರಹಕ್ಕೆ ಇಳಿಸಿತು. ರಾಯಭಾರಿಯನ್ನು ಬಂಧಿಸುವಂತಿಲ್ಲ, ಕಚೇರಿಯೊಳಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಆದರೆ ಆತಿಥೇಯ ದೇಶಕ್ಕೆ ಒಂದು ಅಸ್ತ್ರವನ್ನೂ ಅದು ಕೊಟ್ಟಿತು. ಒಂಬತ್ತನೆಯ ವಿಧಿಯ ಪ್ರಕಾರ ಯಾವ ರಾಜತಾಂತ್ರಿಕನನ್ನಾದರೂ, ಯಾವಾಗಲಾದರೂ ಅನಪೇಕ್ಷಿತ ವ್ಯಕ್ತಿ ಎಂದು ಘೋಷಿಸಬಹುದು. ಕಾರಣ ಕೊಡಬೇಕಿಲ್ಲ. ಹನ್ನೊಂದನೆಯ ವಿಧಿಯ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ದೂತಾವಾಸದ ಗಾತ್ರ ಇಷ್ಟೇ ಇರಬೇಕು ಎಂದು ಕೇಳಬಹುದು. ಹೊರಹಾಕುವ ಪತ್ರದಲ್ಲಿ ಸಾಮಾನ್ಯವಾಗಿ ಒಂದೇ ವಾಕ್ಯ ಇರುತ್ತದೆ: ಅಧಿಕೃತ ಸ್ಥಾನಮಾನಕ್ಕೆ ತಕ್ಕುದಲ್ಲದ ಚಟುವಟಿಕೆಗಳಲ್ಲಿ ತೊಡಗಿದ್ದರು. ಅರ್ಥ ಬೇಹುಗಾರಿಕೆ, ಆದರೆ ಆ ಪದ ಬರುವುದು ಅಪರೂಪ. ಹೆಸರು, ಊರು ಬದಲಿಸಿದರೆ ದೆಹಲಿಯ ಪತ್ರವನ್ನೇ ಇಸ್ಲಾಮಾಬಾದ್ ಕಳಿಸಬಹುದು. ಹಲವು ಬಾರಿ ಆಗಿರುವುದೂ ಹೆಚ್ಚುಕಡಿಮೆ ಅದೇ.

ಕಲ್ಕತ್ತಾ, ಢಾಕಾ

ಭಾರತ ಮತ್ತು ಪಾಕಿಸ್ತಾನದ ನಡುವೆ ಈ ಲೆಕ್ಕದ ಅತಿ ವಿಚಿತ್ರ ಪುಟ ತೆರೆದದ್ದು 1971ರಲ್ಲಿ. ಆ ವರ್ಷ ಏಪ್ರಿಲ್ 18ರಂದು ಕಲ್ಕತ್ತಾದ ಪಾಕಿಸ್ತಾನ ಉಪ ಹೈಕಮಿಷನ್ನಿನ ಮುಖ್ಯಸ್ಥ ಹೊಸೈನ್ ಅಲಿ, ತಮ್ಮ ಬಂಗಾಳಿ ಸಿಬ್ಬಂದಿಯೊಂದಿಗೆ ಬಾಂಗ್ಲಾದೇಶದ ಪಕ್ಷ ಸೇರಿದರು. ಕಟ್ಟಡದ ಮೇಲಿನ ಬಾವುಟ ಬದಲಾಯಿತು. ಪಾಕಿಸ್ತಾನ ಹೊಸ ಅಧಿಕಾರಿಯನ್ನು ಕಳಿಸಿದರೂ ಕಟ್ಟಡ ಅವರ ಕೈಗೆ ಸಿಗಲಿಲ್ಲ. ಕೊನೆಗೆ ಪಾಕಿಸ್ತಾನ ಕಲ್ಕತ್ತಾದ ಕಚೇರಿಯನ್ನು ಮುಚ್ಚಿತು. ಹಾಗಾದರೆ ಢಾಕಾದ ನಿಮ್ಮ ಕಚೇರಿಯೂ ಮುಚ್ಚಲಿ ಎಂದು ಭಾರತಕ್ಕೆ ಹೇಳಿತು.

ಕಚೇರಿಗಳು ಮುಚ್ಚಿದವು, ಆದರೆ ಜನ ಹೊರಡಲಾಗಲಿಲ್ಲ. ಢಾಕಾದಲ್ಲಿದ್ದ ಭಾರತೀಯ ಸಿಬ್ಬಂದಿ ಊರಿಗೆ ಮರಳಬೇಕಾದರೆ ಕಲ್ಕತ್ತಾದಲ್ಲಿದ್ದ ಪಾಕಿಸ್ತಾನಿ ಸಿಬ್ಬಂದಿ ಮರಳಬೇಕು. ಆದರೆ ಕಲ್ಕತ್ತಾದವರಲ್ಲಿ ಬಹುಪಾಲು ಜನ ಈಗ ತಮ್ಮನ್ನು ಪಾಕಿಸ್ತಾನಿಗಳೆಂದು ಒಪ್ಪುತ್ತಿರಲಿಲ್ಲ. ಎಷ್ಟು ಜನಕ್ಕೆ ಎಷ್ಟು ಜನ ಎಂಬ ಲೆಕ್ಕ ಕೂಡದೆ ತಿಂಗಳುಗಳು ಉರುಳಿದವು. ಮನೆಮಂದಿಯೊಂದಿಗೆ ಢಾಕಾದಲ್ಲಿ ಸಿಕ್ಕಿಬಿದ್ದವರು ತಾವು ಮಾಡದ ಜಗಳದ ಒತ್ತೆಯಾಳುಗಳಂತೆ ಕಾದರು. ಸ್ವಿಟ್ಜರ್ಲೆಂಡ್ ನಡುವೆ ಬಂದು ಆಗಸ್ಟ್‌ನಲ್ಲಿ ಅದಲುಬದಲು ನಡೆಸಿಕೊಟ್ಟಿತು.

ಡಿಸೆಂಬರ್ 6ರಂದು ಭಾರತ ಬಾಂಗ್ಲಾದೇಶಕ್ಕೆ ಮಾನ್ಯತೆ ಕೊಟ್ಟಾಗ ಪಾಕಿಸ್ತಾನ ರಾಜತಾಂತ್ರಿಕ ಸಂಬಂಧವನ್ನೇ ಕಡಿದುಕೊಂಡಿತು. ಮುಂದೆ ನಾಲ್ಕೂವರೆ ವರ್ಷ ದೆಹಲಿಯಲ್ಲಿ ಪಾಕಿಸ್ತಾನದ ರಾಯಭಾರಿ ಇರಲಿಲ್ಲ, ಇಸ್ಲಾಮಾಬಾದಿನಲ್ಲಿ ಭಾರತದವರಿರಲಿಲ್ಲ. ಎರಡೂ ದೇಶಗಳ ವ್ಯವಹಾರವನ್ನು ಸ್ವಿಸ್ಸರು ನೋಡಿಕೊಂಡರು. ಶಿಮ್ಲಾ ಒಪ್ಪಂದ, ಯುದ್ಧ ಕೈದಿಗಳ ವಾಪಸಾತಿ ಇದೇ ಅವಧಿಯಲ್ಲಿ ನಡೆದವು. ನಾಯಕರಿಗೆ ಮಾತಾಡಬೇಕೆನಿಸಿದಾಗ ದೂತಾವಾಸ ಇಲ್ಲದೆಯೂ ಮಾತಾಡುತ್ತಾರೆ ಎನ್ನುವುದಕ್ಕೆ ಅದು ಸಾಕ್ಷಿ. ಆದರೆ ವೀಸಾ ಬೇಕಾದವನು ಶಿಮ್ಲಾಕ್ಕೆ ಹೋಗುವ ಹಾಗಿಲ್ಲ. 1976ರ ಜುಲೈಯಲ್ಲಿ ಸಂಬಂಧ ಮತ್ತೆ ಕುದುರಿತು. ಅದೇ ತಿಂಗಳು ಸಂಝೋತಾ ರೈಲು ಓಡತೊಡಗಿತು.

ಕರಾಚಿಯ ಬಾಗಿಲು

ಮುಂಬೈ ಓದುಗರಿಗೆ ಮಲಬಾರ್ ಹಿಲ್‌ನ ಜಿನ್ನಾ ಹೌಸ್ ಗೊತ್ತು. ಮೊಹಮ್ಮದ್ ಅಲಿ ಜಿನ್ನಾ ಕಟ್ಟಿಸಿದ ಆ ಮನೆ ಸ್ವಾತಂತ್ರ್ಯಾನಂತರ ದಶಕಗಳ ಕಾಲ ಬ್ರಿಟಿಷ್ ಉಪ ಹೈಕಮಿಷನ್ನಿಗೆ ಬಾಡಿಗೆಗಿತ್ತು. ಅವರು ಬಿಟ್ಟಮೇಲೆ ಅದನ್ನು ತನ್ನ ಕಾನ್ಸುಲೇಟಿಗೆ ಕೊಡಬೇಕೆಂದು ಪಾಕಿಸ್ತಾನ ಕೇಳುತ್ತಲೇ ಬಂತು. ಭಾರತ ಕೊಡಲಿಲ್ಲ.

ಬೊಂಬಾಯಿಗೂ ಕರಾಚಿಗೂ ನಡುವೆ ಇದ್ದ ನಂಟು ದೆಹಲಿ–ಇಸ್ಲಾಮಾಬಾದ್ ನಂಟಿಗಿಂತ ಹಳೆಯದು. 1936ರವರೆಗೆ ಸಿಂಧ್ ಬೊಂಬಾಯಿ ಪ್ರಾಂತದಲ್ಲಿಯೇ ಇತ್ತು. ಅಂದರೆ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳಿಗೂ ಕರಾಚಿಗೂ ರಾಜಧಾನಿ ಒಂದೇ ಆಗಿತ್ತು. ದೇಶ ಒಡೆದಾಗ ಸಿಂಧಿ ಹಿಂದೂಗಳು ಬೊಂಬಾಯಿ, ಉಲ್ಲಾಸನಗರಗಳಿಗೆ ಬಂದರು. ಉತ್ತರ ಪ್ರದೇಶ, ಹೈದರಾಬಾದ್, ಗುಜರಾತ್‌ಗಳಿಂದ ಮುಸ್ಲಿಮರು ಕರಾಚಿಗೆ ಹೋದರು. ಭಟ್ಕಳದ ಕೆಲವು ನವಾಯತ ಕುಟುಂಬಗಳಿಗೂ ಕರಾಚಿಯಲ್ಲಿ ಬೀಗರಿದ್ದಾರೆ. ಭಾರತಕ್ಕೆ ಬರಬೇಕಾದ ಪಾಕಿಸ್ತಾನಿಗಳಲ್ಲಿ ದೊಡ್ಡ ಭಾಗ ಕರಾಚಿಯಲ್ಲೇ ಇತ್ತು. ಹಾಗಾಗಿ 1978ರಲ್ಲಿ ಮಣಿಶಂಕರ ಅಯ್ಯರ್ ಕಾನ್ಸುಲ್ ಜನರಲ್ ಆಗಿ ಹೋಗಿ ಕರಾಚಿಯ ಕಚೇರಿ ಕೆಲಸ ಶುರುಮಾಡಿದಾಗ ಅಲ್ಲಿನವರಿಗೆ ಅದೊಂದು ದೊಡ್ಡ ಅನುಕೂಲವಾಯಿತು.

ಆ ಕಚೇರಿ 1994ರ ಡಿಸೆಂಬರ್‌ನಲ್ಲಿ ಮುಚ್ಚಿತು. ಕರಾಚಿ ಆಗ ಗುಂಡಿನ ಸದ್ದಿನಲ್ಲಿ ಮುಳುಗಿತ್ತು. ಅದರ ಹಿಂದೆ ಭಾರತದ ಕೈವಾಡವಿದೆ ಎಂದು ಆರೋಪಿಸಿದ ಬೆನಜಿರ್ ಭುಟ್ಟೊ ಸರ್ಕಾರ ಮುಚ್ಚುವಂತೆ ಆದೇಶಿಸಿತು. ಮುಂಬೈಯಲ್ಲಿದ್ದ ಪಾಕಿಸ್ತಾನದ ಕಾನ್ಸುಲೇಟ್ ಕೂಡ ಅದೇ ವರ್ಷ ಇಲ್ಲವಾಗಿತ್ತು. ಅಲ್ಲಿಂದ ಮುಂದೆ ಕರಾಚಿಯ ಮುದುಕಿಯೊಬ್ಬಳು ಲಖನೌದಲ್ಲಿರುವ ತಂಗಿಯನ್ನು ನೋಡಬೇಕೆಂದರೆ, ಅರ್ಜಿ ಸಾವಿರ ಕಿಲೋಮೀಟರಿಗೂ ಆಚೆಯ ಇಸ್ಲಾಮಾಬಾದ್ ತಲುಪಬೇಕು. ಮುಂಬೈಯಿಂದ ಕರಾಚಿಗೆ ಹೋಗಬೇಕಾದ ಸಿಂಧಿ ಮುದುಕ ದೆಹಲಿಯ ದಾರಿ ಹಿಡಿಯಬೇಕು. ಮತ್ತೆ ತೆರೆಯೋಣ ಎಂಬ ಮಾತು 2005ರ ಏಪ್ರಿಲ್‌ನಲ್ಲಿ ಆಯಿತು. ವರ್ಷದ ಕೊನೆಯೊಳಗೆ ಎರಡೂ ಕಾನ್ಸುಲೇಟ್ ತೆರೆಯುತ್ತವೆ ಎಂದು ಮನಮೋಹನ್ ಸಿಂಗ್ ಮತ್ತು ಪರ್ವೇಜ್ ಮುಷರಫ್ ಜಂಟಿ ಹೇಳಿಕೆಯಲ್ಲಿ ಹೇಳಿದರು. ತೆರೆಯಲಿಲ್ಲ. ಮುಚ್ಚಲು ಒಂದು ಪತ್ರ ಸಾಕು. ತೆರೆಯಲು ಕಟ್ಟಡ ಬೇಕು, ಜನ ಬೇಕು, ಎರಡೂ ಕಡೆ ಒಂದೇ ಹೊತ್ತಿನಲ್ಲಿ ಮನಸ್ಸು ಬೇಕು.

ನಿಯಮ ಇಲ್ಲದಿರಲಿಲ್ಲ

ಈ ಆಟ ಮಿತಿ ಮೀರುತ್ತಿದೆ ಎಂದು ಎರಡೂ ಸರ್ಕಾರಗಳಿಗೆ ಅನಿಸಿದ್ದೂ ಉಂಟು. 1992ರ ಮೇನಲ್ಲಿ ಇಸ್ಲಾಮಾಬಾದಿನಲ್ಲಿ ಭಾರತದ ರಾಜತಾಂತ್ರಿಕರೊಬ್ಬರನ್ನು ಎಳೆದೊಯ್ದು ಹಿಂಸಿಸಲಾಯಿತು. ಭಾರತ ಇಬ್ಬರು ಪಾಕಿಸ್ತಾನಿ ರಾಜತಾಂತ್ರಿಕರನ್ನು ಹೊರಹಾಕಿತು. ಮೂರು ತಿಂಗಳ ನಂತರ, ಆಗಸ್ಟ್‌ನಲ್ಲಿ, ರಾಜತಾಂತ್ರಿಕ ಮತ್ತು ಕಾನ್ಸುಲರ್ ಸಿಬ್ಬಂದಿಯನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ ನೀತಿ ಸಂಹಿತೆಗೆ ಎರಡೂ ದೇಶ ಒಪ್ಪಿದವು. ವಿಯೆನ್ನಾ ಒಪ್ಪಂದದಲ್ಲಿ ಇದ್ದದ್ದನ್ನೇ ಇಬ್ಬರೇ ಕುಳಿತು ಮತ್ತೊಮ್ಮೆ ಬರೆದುಕೊಂಡ ಹಾಗೆ.

2018ರ ಮಾರ್ಚ್‌ನಲ್ಲಿ ಅದೇ ಸಂಹಿತೆಯ ಹೆಸರು ಮತ್ತೆ ಕೇಳಿಬಂತು. ಅಧಿಕಾರಿಗಳ ಕಾರನ್ನು ಬೆನ್ನಟ್ಟುವುದು, ನಡುರಾತ್ರಿ ಮನೆಯ ಕರೆಗಂಟೆ ಒತ್ತಿ ಓಡಿಹೋಗುವುದು, ನೀರು ವಿದ್ಯುತ್ ಕಡಿಯುವುದು ಇಂಥ ದೂರುಗಳು ಎರಡೂ ಕಡೆಯಿಂದ ಬಂದವು. ಪಾಕಿಸ್ತಾನ ತನ್ನ ಹೈಕಮಿಷನರನ್ನು ಸಮಾಲೋಚನೆಗೆಂದು ಕರೆಸಿಕೊಂಡಿತು. ತಿಂಗಳ ಕೊನೆಗೆ, 1992ರ ಸಂಹಿತೆಯ ಪ್ರಕಾರ ಬಗೆಹರಿಸಿಕೊಳ್ಳುತ್ತೇವೆ ಎಂದು ಇಬ್ಬರೂ ಹೇಳಿದರು. ಅಣುಬಾಂಬು ಇಟ್ಟುಕೊಂಡ ಎರಡು ದೇಶಗಳು ಕರೆಗಂಟೆಯ ಬಗ್ಗೆ ಒಪ್ಪಂದಕ್ಕೆ ಬರಬೇಕಾಯಿತು.

ಹದಿನೆಂಟು ತಿಂಗಳು

ಹೊರಹಾಕುವ ಆಟ ಮೆಟ್ಟಿಲು ಮೆಟ್ಟಿಲಾಗಿ ಹೇಗೆ ಇಳಿಯುತ್ತದೆ ಎನ್ನುವುದಕ್ಕೆ 2001ರ ಡಿಸೆಂಬರ್‌ನಿಂದ 2003ರ ಬೇಸಿಗೆಯವರೆಗಿನ ಅವಧಿ ಸ್ಪಷ್ಟ ಉದಾಹರಣೆ. ಸಂಸತ್ತಿನ ಮೇಲೆ ದಾಳಿಯಾದ ವಾರದ ನಂತರ ಭಾರತ ತನ್ನ ಹೈಕಮಿಷನರ್ ವಿಜಯ್ ನಂಬಿಯಾರ್ ಅವರನ್ನು ಕರೆಸಿಕೊಂಡಿತು. ಡಿಸೆಂಬರ್ ಕೊನೆಗೆ ಹೈಕಮಿಷನ್‌ಗಳ ಸಿಬ್ಬಂದಿಯನ್ನು ಅರ್ಧಕ್ಕೆ ಇಳಿಸುವ ನಿರ್ಧಾರವಾಯಿತು. 2002ರ ಜನವರಿ 1ರಿಂದ ಸಂಝೋತಾ ರೈಲು ನಿಂತಿತು, ದೆಹಲಿ–ಲಾಹೋರ್ ಬಸ್ಸು ನಿಂತಿತು, ವಿಮಾನಗಳಿಗೆ ಆಕಾಶ ಮುಚ್ಚಿತು. ಮೇನಲ್ಲಿ ಕಾಲೂಚಕ್ ದಾಳಿಯ ಬಳಿಕ ಪಾಕಿಸ್ತಾನದ ಹೈಕಮಿಷನರ್ ಅಶ್ರಫ್ ಜಹಾಂಗೀರ್ ಕಾಜಿ ಅವರಿಗೆ ಹೊರಡಲು ಹೇಳಲಾಯಿತು.

ಹೈಕಮಿಷನರ್‌ಗಳು ಹೋದಮೇಲೆ ಉಪ ಹೈಕಮಿಷನರ್‌ಗಳೇ ಮುಖ್ಯಸ್ಥರು. 2003ರ ಜನವರಿಯಲ್ಲಿ ಭಾರತ ನಾಲ್ವರನ್ನು ಹೊರಹಾಕಿತು, ಪಾಕಿಸ್ತಾನ ನಾಲ್ವರನ್ನು ಹೊರಹಾಕಿತು. ಫೆಬ್ರವರಿ 8ರಂದು, ಕಾಶ್ಮೀರದ ಪ್ರತ್ಯೇಕತಾವಾದಿಗಳಿಗೆ ಹಣ ಕೊಟ್ಟ ಆರೋಪದ ಮೇಲೆ ಹಂಗಾಮಿ ಮುಖ್ಯಸ್ಥ ಜಲೀಲ್ ಅಬ್ಬಾಸ್ ಜಿಲಾನಿ ಮತ್ತು ಇನ್ನು ನಾಲ್ವರಿಗೆ ದೆಹಲಿ ಬಿಡಲು ಹೇಳಿತು. ಇಸ್ಲಾಮಾಬಾದ್ ಭಾರತದ ಹಂಗಾಮಿ ಮುಖ್ಯಸ್ಥ ಸುಧೀರ್ ವ್ಯಾಸ್ ಮತ್ತು ನಾಲ್ವರಿಗೆ ಅದೇ ಮಾತು ಹೇಳಿತು. ಲೆಕ್ಕ ಸರಿಹೋಯಿತು.

ಏಪ್ರಿಲ್‌ನಲ್ಲಿ ಅಟಲ್ ಬಿಹಾರಿ ವಾಜಪೇಯಿ ಶ್ರೀನಗರದಲ್ಲಿ ನಿಂತು ಸ್ನೇಹದ ಕೈ ಚಾಚುತ್ತೇವೆ ಎಂದರು. ಶಿವಶಂಕರ ಮೆನನ್ ಇಸ್ಲಾಮಾಬಾದಿಗೂ ಅಜೀಜ್ ಅಹ್ಮದ್ ಖಾನ್ ದೆಹಲಿಗೂ ಹೈಕಮಿಷನರ್‌ಗಳಾಗಿ ನೇಮಕಗೊಂಡರು. ಜುಲೈ 11ರಂದು ಬಸ್ಸು ಮತ್ತೆ ಓಡಿತು. ಲಾಹೋರಿನಿಂದ ಬಂದ ಆ ಮೊದಲ ಬಸ್ಸಿನಲ್ಲಿ ಹೃದಯದಲ್ಲಿ ರಂಧ್ರವಿದ್ದ ಎರಡೂವರೆ ವರ್ಷದ ಒಂದು ಹೆಣ್ಣು ಮಗು ಇತ್ತು. ದೆಹಲಿಯಿಂದ ಬೆಂಗಳೂರಿಗೆ ಕರೆತಂದು, ಬೊಮ್ಮಸಂದ್ರದ ನಾರಾಯಣ ಹೃದಯಾಲಯದಲ್ಲಿ ಶಸ್ತ್ರಚಿಕಿತ್ಸೆ ಮಾಡಿದರು. ಆಸ್ಪತ್ರೆಗೆ ಹೂವು, ಆಟಿಕೆ, ಪತ್ರಗಳು ಬಂದವು. ಪತ್ರಿಕೆಗಳು ಅವಳನ್ನು ಶಾಂತಿಯ ದೂತೆ ಎಂದವು. ಮಗು ಚೇತರಿಸಿಕೊಂಡು ಊರಿಗೆ ಮರಳಿತು.

ಆ ಸಂಭ್ರಮದಲ್ಲಿ ಯಾರೂ ಎತ್ತದ ಒಂದು ಪ್ರಶ್ನೆ ಇತ್ತು. ಬಸ್ಸು ನಿಂತಿದ್ದು ಹದಿನೆಂಟು ತಿಂಗಳು. ಆ ಹದಿನೆಂಟು ತಿಂಗಳಲ್ಲಿ ಇಂಥ ಎಷ್ಟು ಮಕ್ಕಳು ಬರಬೇಕಿತ್ತು? ಬಂದವರ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ, ಬಾರದೆ ಹೋದವರ ಪಟ್ಟಿಯನ್ನು ಯಾವ ಇಲಾಖೆಯೂ ಇಡುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನಿಗಳಿಗೆ ಕೊಟ್ಟ ವೈದ್ಯಕೀಯ ವೀಸಾಗಳು 29ರವರೆಗೆ ಮಾತ್ರ ನಡೆಯುತ್ತವೆ ಎಂದು ಘೋಷಿಸಿದಾಗ, ಚಿಕಿತ್ಸೆ ಅರ್ಧಕ್ಕೆ ನಿಂತವರು ಅಟ್ಟಾರಿಯ ಗೇಟಿನ ಮುಂದೆ ಕಾಣಿಸಿಕೊಂಡರು. ಭಾರತದ ಪಾಸ್‌ಪೋರ್ಟಿನ ತಾಯಂದಿರು ಪಾಕಿಸ್ತಾನದ ಪಾಸ್‌ಪೋರ್ಟಿನ ಮಕ್ಕಳ ಕೈಹಿಡಿದು ಅಲ್ಲಿಯೇ ನಿಂತಿದ್ದರು.

ಮಾಸ್ಕೋದಲ್ಲಿ ಪೊರಕೆ

ಇದು ಈ ಎರಡು ದೇಶಗಳ ಕಾಯಿಲೆ ಮಾತ್ರ ಅಲ್ಲ. 1971ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಒಂದೇ ಏಟಿಗೆ 105 ಸೋವಿಯತ್ ಅಧಿಕಾರಿಗಳಿಗೆ ಬಾಗಿಲು ಮುಚ್ಚಿತು. ತೊಂಬತ್ತು ಜನರನ್ನು ಹೊರಹಾಕಿತು, ಆಗ ಊರಿಗೆ ಹೋಗಿದ್ದ ಹದಿನೈದು ಜನ ಮರಳಿ ಬರಬಾರದೆಂದಿತು. ಪಕ್ಷಾಂತರ ಮಾಡಿದ ಕೆಜಿಬಿ ಅಧಿಕಾರಿ ಒಲೆಗ್ ಲ್ಯಾಲಿನ್ ಕೊಟ್ಟ ಮಾಹಿತಿ ಅದರ ಹಿಂದಿತ್ತು. ಲಂಡನ್ನಿನಲ್ಲಿ ಕೆಜಿಬಿಯ ಜಾಲಕ್ಕೆ ಅದು ದೊಡ್ಡ ಪೆಟ್ಟು. ಹೊರಹಾಕುವುದರಿಂದ ಏನೂ ಪ್ರಯೋಜನವಿಲ್ಲ ಎನ್ನುವವರು ಈ ಉದಾಹರಣೆಯನ್ನು ನೆನಪಿಡಬೇಕು. ರಾಜತಾಂತ್ರಿಕರ ವೇಷದಲ್ಲಿ ಬೇಹುಗಾರರು ಇರುವುದು ನಿಜ. ಇನ್ನೂ ಒಂದು ಸಂಗತಿ ಇದೆ. ಸೋವಿಯತ್ ಒಕ್ಕೂಟ ಮುಯ್ಯಿಗೆ ಹೊರಗಿಟ್ಟದ್ದು ಹದಿನೆಂಟು ಬ್ರಿಟಿಷರನ್ನು ಮಾತ್ರ. ನೂರಐದಕ್ಕೆ ನೂರಐದು ಎಂಬ ನಿಯಮ ಎಲ್ಲಿಯೂ ಬರೆದಿಲ್ಲ.

1986ರಲ್ಲಿ ಆಟ ಬೇರೆ ದಾರಿ ಹಿಡಿಯಿತು. ಅಮೆರಿಕ ವಿಶ್ವಸಂಸ್ಥೆಯಲ್ಲಿದ್ದ 25 ಸೋವಿಯತ್ ಅಧಿಕಾರಿಗಳನ್ನು ಹೊರಹಾಕಿತು. ಅಕ್ಟೋಬರ್‌ನಲ್ಲಿ ಮಾಸ್ಕೋ ಐವರು ಅಮೆರಿಕನ್ನರನ್ನು ಕಳಿಸಿತು, ವಾಷಿಂಗ್ಟನ್ 55 ಜನರನ್ನು ಕಳಿಸಿತು. ಆಗ ಮಾಸ್ಕೋ ಇನ್ನೈವರನ್ನು ಹೊರಹಾಕಿ, ಜೊತೆಗೆ ಅಮೆರಿಕದ ದೂತಾವಾಸದಲ್ಲಿ ಕೆಲಸಕ್ಕಿದ್ದ ಸುಮಾರು 260 ಸೋವಿಯತ್ ನೌಕರರನ್ನು ಒಮ್ಮೆಗೇ ಹಿಂದಕ್ಕೆ ಪಡೆಯಿತು. ಚಾಲಕರು, ಅಡುಗೆಯವರು, ಕಸ ಗುಡಿಸುವವರು, ಅನುವಾದಕರು ಎಲ್ಲರೂ ಹೋದರು. ಶಸ್ತ್ರಾಸ್ತ್ರ ನಿಯಂತ್ರಣದ ಕಡತ ನೋಡುತ್ತಿದ್ದ ಅಧಿಕಾರಿಗಳು ಲಾರಿ ಓಡಿಸಿದರು, ಹಿಮ ತೆಗೆದರು, ಪೊರಕೆ ಹಿಡಿದರು. ಸುದ್ದಿಗೆ ಅದು ತಮಾಷೆ, ಆದರೆ ದೂತಾವಾಸ ಎಂದರೆ ಏನು ಎಂಬುದನ್ನು ಅದು ತೋರಿಸಿತು. ಅಂಕಿ ಇಳಿದಾಗ ಕಾವಲು, ಗುಪ್ತಲಿಪಿ, ವಾಹನ, ಕಟ್ಟಡದ ಕೆಲಸಗಳು ಇಳಿಯುವುದಿಲ್ಲ. ಹೊರಗಿನ ಜನರಿಗೆ ಮಾಡಿಕೊಡುವ ಕೆಲಸವೇ ಮೊದಲು ಸೊರಗುತ್ತದೆ.

2021ರಲ್ಲಿ ಇದೇ ಮರುಕಳಿಸಿತು. ಸ್ಥಳೀಯರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ ಎಂದು ರಷ್ಯಾ ಹೇಳಿದಮೇಲೆ, ಅಮೆರಿಕ ಮಾಸ್ಕೋದಲ್ಲಿ ಸಾಮಾನ್ಯ ವೀಸಾ ಕೊಡುವುದನ್ನು ನಿಲ್ಲಿಸಿತು. ಅಲ್ಲಿ ನೆಲೆಸಲು ವಲಸೆ ವೀಸಾ ಬಯಸುವ ರಷ್ಯನ್ನರನ್ನು ನೆಲೆಯಿಲ್ಲದ ರಾಷ್ಟ್ರೀಯರ ಪಟ್ಟಿಗೆ ಸೇರಿಸಿ ಪೋಲೆಂಡಿನ ವಾರ್ಸಾಗೆ ಹೋಗಿ ಎಂದಿತು.

ನಮ್ಮ ಓದುಗರಲ್ಲಿ ಕೆಲವರ ಮನೆಗೇ ತಟ್ಟಿದ ಉದಾಹರಣೆ 2023ರದು. ಭಾರತ–ಕೆನಡಾ ಜಗಳದಲ್ಲಿ ಮೊದಲು ಒಬ್ಬರಿಗೆ ಒಬ್ಬರು ಹೊರಬಿದ್ದರು. ನಂತರ ಸಂಖ್ಯೆ ಸಮವಿರಬೇಕೆಂದು ಭಾರತ ಕೇಳಿದ್ದರಿಂದ 41 ಕೆನಡಾ ರಾಜತಾಂತ್ರಿಕರು ಅಕ್ಟೋಬರ್‌ನಲ್ಲಿ ದೇಶ ಬಿಟ್ಟರು, 21 ಜನ ಉಳಿದರು. ಬೆಂಗಳೂರು, ಮುಂಬೈ, ಚಂಡೀಗಢಗಳ ಕಾನ್ಸುಲೇಟುಗಳಲ್ಲಿ ಖುದ್ದಾಗಿ ಹೋಗಿ ಪಡೆಯುವ ಸೇವೆ ನಿಂತಿತು. ಇಲ್ಲಿದ್ದ ವಲಸೆ ಇಲಾಖೆಯ ಕೆನಡಾ ನೌಕರರು 27ರಿಂದ 5ಕ್ಕೆ ಇಳಿದರು. ಕಾಲೇಜು ಶುಲ್ಕ ಕಟ್ಟಿ ಕಾದಿದ್ದ ವಿದ್ಯಾರ್ಥಿಗಳ ಅರ್ಜಿಗಳು ಆ ಐವರ ಮೇಜಿನ ಮುಂದೆ ಸಾಲುಗಟ್ಟಿದವು.

ಕಿವಿ ಇಲ್ಲದ ಹೊತ್ತು

ದೂತಾವಾಸ ಸೊರಗಿದಾಗ ಜನರ ಜೊತೆ ಸರ್ಕಾರವೂ ಕಳೆದುಕೊಳ್ಳುತ್ತದೆ. ಎದುರಾಳಿಯ ರಾಜಧಾನಿಯಲ್ಲಿ ಕುಳಿತವನು ಅಲ್ಲಿನ ಪತ್ರಿಕೆ ಓದುತ್ತಾನೆ, ಮದುವೆ ಊಟಗಳಿಗೆ ಹೋಗುತ್ತಾನೆ, ಮಂತ್ರಿಯ ಬೈಗುಳದಲ್ಲಿ ಎಷ್ಟು ಭಾಗ ಸ್ವಂತ ಜನಕ್ಕೆ, ಎಷ್ಟು ಭಾಗ ನಮಗೆ ಎಂದು ತೂಗಿ ಹೇಳುತ್ತಾನೆ. 2019ರ ಫೆಬ್ರವರಿಯಲ್ಲಿ ಪುಲ್ವಾಮಾ ದಾಳಿಯ ಮರುದಿನ ಭಾರತ ತನ್ನ ಹೈಕಮಿಷನರ್ ಅಜಯ್ ಬಿಸಾರಿಯಾ ಅವರನ್ನು ದೆಹಲಿಗೆ ಕರೆಸಿತು. ಪಾಕಿಸ್ತಾನ ಸೊಹೈಲ್ ಮಹಮೂದ್ ಅವರನ್ನು ಕರೆಸಿಕೊಂಡಿತು. ಬಾಲಾಕೋಟ್ ದಾಳಿ, ಮರುದಿನದ ವಿಮಾನ ಕಾಳಗ, ಭಾರತೀಯ ಪೈಲಟ್ ಸೆರೆಸಿಕ್ಕದ್ದು ಎಲ್ಲವೂ ನಡೆದದ್ದು ಇಬ್ಬರೂ ತಂತಮ್ಮ ಹುದ್ದೆಯ ಊರಿನಲ್ಲಿ ಇಲ್ಲದ ಆ ವಾರಗಳಲ್ಲಿ. ಅವರು ಮರಳಿದ್ದು ಮಾರ್ಚ್‌ನಲ್ಲಿ, ಅಪಾಯ ಕಳೆದಮೇಲೆ.

ಐದು ತಿಂಗಳ ನಂತರ, ಜಮ್ಮು ಕಾಶ್ಮೀರದ ವಿಶೇಷ ಸ್ಥಾನಮಾನ ರದ್ದಾದಾಗ, ಪಾಕಿಸ್ತಾನ ಬಿಸಾರಿಯಾ ಅವರನ್ನು ಹೊರಹಾಕಿತು. ದೆಹಲಿಗೆ ನೇಮಕವಾಗಿದ್ದ ಅದರ ಹೊಸ ಹೈಕಮಿಷನರ್ ಬರಲೇ ಇಲ್ಲ. ಅಂದಿನಿಂದ ಎರಡೂ ಕಡೆ ಪೂರ್ಣ ಹೈಕಮಿಷನರ್ ಇಲ್ಲದೆಯೇ ಕೆಲಸ ನಡೆದಿದೆ. ಅದಕ್ಕೆ ಮೂರು ವಾರ ಮೊದಲಷ್ಟೇ, ಜುಲೈ 17ರಂದು, ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಪಾಕಿಸ್ತಾನ ಕಾನ್ಸುಲರ್ ಸಂಪರ್ಕ ನಿರಾಕರಿಸಿ ವಿಯೆನ್ನಾ ಒಪ್ಪಂದ ಮುರಿದಿದೆ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ ತೀರ್ಪು ಕೊಟ್ಟಿತ್ತು. ಸೆಪ್ಟೆಂಬರ್ 2ರಂದು ಭೇಟಿಯ ಅವಕಾಶ ಸಿಕ್ಕಾಗ ಜಾಧವ್ ಅವರನ್ನು ನೋಡಲು ಹೋದದ್ದು ಹಂಗಾಮಿ ಮುಖ್ಯಸ್ಥರು. ಹೇಗ್‌ನಲ್ಲಿ ಗೆದ್ದ ಹಕ್ಕನ್ನು ಬಳಸಿಕೊಳ್ಳಲು ಇಸ್ಲಾಮಾಬಾದಿನಲ್ಲಿ ಒಬ್ಬ ಅಧಿಕಾರಿ ಉಳಿದಿರಬೇಕಿತ್ತು.

ಮಲೀರ್ ಜೈಲಿನಲ್ಲಿ

ಜಾಧವ್ ಹೆಸರು ದೇಶಕ್ಕೆ ಗೊತ್ತು. ಹೆಸರು ಗೊತ್ತಿಲ್ಲದವರು ಕರಾಚಿಯ ಮಲೀರ್ ಜೈಲಿನಲ್ಲಿದ್ದಾರೆ. ಗುಜರಾತಿನ ಗಿರ್ ಸೋಮನಾಥ, ಪೋರಬಂದರ್, ದೀವ್ ಕಡೆಯ ಮೀನುಗಾರರು. ಅವರ ದೋಣಿಗಳಲ್ಲಿ ಕೂಲಿಗೆ ಹೋಗುವ, ಮುಂಬೈ ಪಕ್ಕದ ಪಾಲ್ಘರ್ ಜಿಲ್ಲೆಯ ಬಡವರು. ಸರ್ ಕ್ರೀಕ್ ಗಡಿ ಇನ್ನೂ ತೀರ್ಮಾನವಾಗಿಲ್ಲ, ಸಮುದ್ರದ ಮೇಲೆ ಗೆರೆ ಕಾಣುವುದಿಲ್ಲ. ಮೀನಿನ ಹಿಂದೆ ಹೋದ ದೋಣಿಯನ್ನು ಪಾಕಿಸ್ತಾನದ ಕಡಲ ಪಡೆ ಹಿಡಿಯುತ್ತದೆ. ಹಾಗೆಯೇ ಸಿಂಧ್‌ನ ಮೀನುಗಾರರನ್ನು ಭಾರತ ಹಿಡಿದು ಗುಜರಾತಿನಲ್ಲಿ ಇಡುತ್ತದೆ.

2008ರ ಮೇ 21ರಂದು ಎರಡೂ ದೇಶಗಳು ಕಾನ್ಸುಲರ್ ಸಂಪರ್ಕದ ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಪ್ರಕಾರ ಬಂಧನವಾದ ಮೂರು ತಿಂಗಳೊಳಗೆ ಕೈದಿಯನ್ನು ಅವನ ದೇಶದ ಅಧಿಕಾರಿ ನೋಡಲು ಅವಕಾಶ ಕೊಡಬೇಕು. ರಾಷ್ಟ್ರೀಯತೆ ಖಚಿತವಾಗಿ, ಶಿಕ್ಷೆ ಮುಗಿದ ಒಂದು ತಿಂಗಳೊಳಗೆ ಬಿಡಬೇಕು. ವರ್ಷಕ್ಕೆ ಎರಡು ಬಾರಿ, ಜನವರಿ 1 ಮತ್ತು ಜುಲೈ 1ರಂದು, ಕೈದಿಗಳ ಪಟ್ಟಿ ಕೊಟ್ಟು ತೆಗೆದುಕೊಳ್ಳಬೇಕು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಏರ್ಪಾಡು ಕಷ್ಟ.

ಆದರೆ ರಾಷ್ಟ್ರೀಯತೆ ತಾನಾಗಿ ಖಚಿತವಾಗುವುದಿಲ್ಲ. ಒಬ್ಬ ಅಧಿಕಾರಿ ಜೈಲಿಗೆ ಹೋಗಬೇಕು, ಕೈದಿಯ ಎದುರು ಕುಳಿತು ಅಪ್ಪನ ಹೆಸರು, ಊರು, ತಾಲ್ಲೂಕು ಕೇಳಿ ಬರೆದುಕೊಳ್ಳಬೇಕು. ಅದು ದೆಹಲಿಗೆ, ಅಲ್ಲಿಂದ ರಾಜ್ಯಕ್ಕೆ, ಅಲ್ಲಿಂದ ಹಳ್ಳಿಯ ಪೊಲೀಸರಿಗೆ ಹೋಗಿ ಅದೇ ದಾರಿಯಲ್ಲಿ ಮರಳಬೇಕು. ನಂತರ ಪ್ರಯಾಣದ ದಾಖಲೆ ಬರೆಯಬೇಕು. ಕರಾಚಿಯಲ್ಲಿ ಕಾನ್ಸುಲೇಟ್ ಇದ್ದಿದ್ದರೆ ಜೈಲು ಅದೇ ಊರಿನಲ್ಲಿ. ಈಗ ಅಧಿಕಾರಿ ಅನುಮತಿ ಪಡೆದು ಇಸ್ಲಾಮಾಬಾದಿನಿಂದ ಬರಬೇಕು, ಬರುವವರು 30 ಜನರಲ್ಲಿ ಒಬ್ಬರಾಗಿರಬೇಕು. ಜೈಲುಗಳಿಗೆ ಭೇಟಿ ಕೊಡಲೆಂದು 2007ರಲ್ಲಿ ಎರಡೂ ದೇಶಗಳ ನಿವೃತ್ತ ನ್ಯಾಯಾಧೀಶರ ಸಮಿತಿಯೊಂದು ಆಗಿತ್ತು. ಅದು ಕೊನೆಯದಾಗಿ ಪಾಕಿಸ್ತಾನಕ್ಕೆ ಹೋಗಿದ್ದು 2013ರ ಅಕ್ಟೋಬರ್‌ನಲ್ಲಿ.

2025ರ ಜನವರಿ 1ರಂದು ಪಾಕಿಸ್ತಾನ ಕೊಟ್ಟ ಪಟ್ಟಿಯಲ್ಲಿ ಭಾರತದ 217 ಮೀನುಗಾರರು, 49 ಇತರ ಕೈದಿಗಳಿದ್ದರು. ಭಾರತ ಕೊಟ್ಟ ಪಟ್ಟಿಯಲ್ಲಿ ಪಾಕಿಸ್ತಾನದ 81 ಮೀನುಗಾರರು, 381 ಇತರರಿದ್ದರು. ಶಿಕ್ಷೆ ಮುಗಿಸಿಯೂ ಒಳಗಿರುವ 183 ಜನರನ್ನು ಬೇಗ ಬಿಡಿ ಎಂದು ಅಂದು ಭಾರತ ಕೇಳಿತು.

ಬಿಡುಗಡೆಯಾದವರ ದಾರಿಯೂ ನೇರವಿಲ್ಲ. ಕರಾಚಿಯಿಂದ ಓಖಾಕ್ಕೆ ಸಮುದ್ರದಲ್ಲಿ ದೂರ ಹೆಚ್ಚಿಲ್ಲ. ಅವರನ್ನು ರೈಲಿನಲ್ಲಿ ಲಾಹೋರಿಗೆ ಕಳಿಸುತ್ತಾರೆ. ಅನೇಕ ಬಾರಿ ಆ ಖರ್ಚನ್ನು, ಕೈಗೆ ಕೊಡುವ ಅಷ್ಟಿಷ್ಟು ಹಣವನ್ನು ಕರಾಚಿಯ ಈಧಿ ಫೌಂಡೇಶನ್ ಭರಿಸಿದೆ. ಅಲ್ಲಿಂದ ವಾಘಾ, ಅಮೃತಸರ, ಮತ್ತೆ ಇಡೀ ಉತ್ತರ ಭಾರತ ಇಳಿದು ಸೌರಾಷ್ಟ್ರದ ಕರಾವಳಿ. ದೋಣಿ ಅಲ್ಲೇ ಉಳಿಯುತ್ತದೆ.

2025ರ ಮೇನಲ್ಲಿ ನಾಲ್ಕು ದಿನದ ಕಾಳಗ ನಡೆದು ನಿಂತಿತು. ಮೇ 13ರಂದು ಭಾರತ ಪಾಕಿಸ್ತಾನ ಹೈಕಮಿಷನ್ನಿನ ಒಬ್ಬ ನೌಕರನನ್ನು ಹೊರಹಾಕಿತು, ಪಾಕಿಸ್ತಾನ ಒಬ್ಬನನ್ನು ಹೊರಹಾಕಿತು. ಮೇ 21ರಂದು ಭಾರತ ಮತ್ತೊಬ್ಬನನ್ನು, ಪಾಕಿಸ್ತಾನ ಮತ್ತೊಬ್ಬನನ್ನು. ಜುಲೈ 1 ಬಂತು. ಗಡಿ ಮುಚ್ಚಿತ್ತು, ಆಕಾಶ ಮುಚ್ಚಿತ್ತು, ಆದರೂ ದೆಹಲಿಯಲ್ಲಿ ಒಂದು ಪಟ್ಟಿ, ಇಸ್ಲಾಮಾಬಾದಿನಲ್ಲಿ ಒಂದು ಪಟ್ಟಿ ಕೈಬದಲಾದವು. 1992ರಿಂದ ಪ್ರತಿ ಹೊಸವರ್ಷದ ದಿನ ಅಣುಸ್ಥಾವರಗಳ ಪಟ್ಟಿಯೂ ಹೀಗೆ ತಪ್ಪದೆ ಕೈಬದಲಾಗಿದೆ. ಕಾರ್ಗಿಲ್ ಅದನ್ನು ನಿಲ್ಲಿಸಲಿಲ್ಲ, ಮುಂಬೈ ದಾಳಿ ನಿಲ್ಲಿಸಲಿಲ್ಲ. ಕೊಟ್ಟದ್ದಕ್ಕೆ ಕೊಡುವ ಹಳೆಯ ಮುಯ್ಯಿ ಇನ್ನೂ ನಡೆಯುತ್ತಿರುವ ಕೆಲವೇ ಜಾಗಗಳಲ್ಲಿ ಅದೊಂದು. ಆ ಜುಲೈಯ ಪಟ್ಟಿಯಲ್ಲಿ ಭಾರತದ ಮೀನುಗಾರರು 193. ಶಿಕ್ಷೆ ಮುಗಿಸಿ ಬಿಡುಗಡೆಗೆ ಕಾದಿದ್ದ ಭಾರತೀಯ ಮೀನುಗಾರರು ಮತ್ತು ಇತರ ಕೈದಿಗಳು ಒಟ್ಟು 159. ಅವರ ಕಾಗದಗಳನ್ನು ನೋಡಬೇಕಾದ ಕಚೇರಿಯ ಸಿಬ್ಬಂದಿಯ ಮಿತಿ, ಕಾವಲುಗಾರರನ್ನೂ ಚಾಲಕರನ್ನೂ ಸೇರಿಸಿ, 30.